ಕಥಾಲೋಕದ ತಾಣಗಳು, ನೆಲದ ಮೇಲಿನ ವಹಿವಾಟು: ಧಾರಾವಾಹಿ ಚಿತ್ರೀಕರಣ ತಾಣಗಳ ಪ್ರವಾಸೋದ್ಯಮ - ಒಂದು ಅಧ್ಯಯನ

ಪೀಠಿಕೆ

ತೀರ್ಥಕ್ಷೇತ್ರ, ಐತಿಹಾಸಿಕ ಸ್ಮಾರಕ, ಗಿರಿಧಾಮ, ಸಮುದ್ರತೀರ - ಪ್ರವಾಸೋದ್ಯಮವು ಬಹುಕಾಲ ಅವಲಂಬಿಸಿದ್ದ ಆಧಾರಗಳಿವು. ಕಳೆದ ಎರಡು ದಶಕಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ಸೇರಿದೆ. ಕಿರುತೆರೆಯ ಅದ್ಭುತ ಕಥಾನಕಗಳಲ್ಲಿ ಕಂಡ ಕಣಿವೆ, ಹಿಮನದಿ, ಬಂಡೆಗಲ್ಲಿನ ತೀರ ಮತ್ತು ಸಾಲುಮರದ ಹಾದಿಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ಸಾವಿರಾರು ಮೈಲಿ ದೂರದಿಂದ ಜನರು ಬರುತ್ತಿದ್ದಾರೆ. ಹೀಗೆ ಬರುವವರು ಉಳಿದುಕೊಳ್ಳುತ್ತಾರೆ, ಊಟ ಮಾಡುತ್ತಾರೆ, ವಾಹನ ಬಾಡಿಗೆಗೆ ಪಡೆಯುತ್ತಾರೆ, ಮಾರ್ಗದರ್ಶಿಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ, ನೆನಪಿನ ವಸ್ತುಗಳನ್ನು ಕೊಳ್ಳುತ್ತಾರೆ. ಆದ್ದರಿಂದ ಇದು ಕೇವಲ ಮನರಂಜನೆಯ ವಿಷಯವಲ್ಲ, ವಾಣಿಜ್ಯದ ವಿಷಯವೂ ಹೌದು.

ಈ ಬಗೆಯ ಪ್ರವಾಸಕ್ಕೆ ಅತ್ಯಂತ ದೊಡ್ಡ ಉದಾಹರಣೆಯೆಂದರೆ ಅಮೆರಿಕದ ಎಚ್‌ಬಿಒ ವಾಹಿನಿಯ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಕಾದಂಬರಿಮಾಲೆಯನ್ನು ಆಧರಿಸಿದ ಈ ಧಾರಾವಾಹಿ 2011ರ ಏಪ್ರಿಲ್‌ನಿಂದ 2019ರ ಮೇ ತಿಂಗಳವರೆಗೆ ಎಂಟು ಭಾಗಗಳಲ್ಲಿ, ಒಟ್ಟು 73 ಕಂತುಗಳಲ್ಲಿ ಪ್ರಸಾರವಾಯಿತು. ಕಥೆ ನಡೆಯುವ ರಾಜ್ಯಗಳು ಯಾವ ಭೂಪಟದಲ್ಲಿಯೂ ಇಲ್ಲ. ಆದರೆ ಅವುಗಳಿಗೆ ರೂಪು ಕೊಟ್ಟ ನೆಲ ಉತ್ತರ ಐರ್ಲೆಂಡ್, ಐಸ್‌ಲ್ಯಾಂಡ್, ಮಾಲ್ಟಾ, ಕ್ರೊಯೇಷಿಯಾ, ಸ್ಪೇನ್ ಮೊದಲಾದ ದೇಶಗಳಲ್ಲಿ ಇದೆ. ಈ ತಾಣಗಳಲ್ಲಿ ವಹಿವಾಟು ಹೇಗೆ ಬೆಳೆಯಿತು, ಅದರ ಲಾಭ ಯಾರ ಕೈ ಸೇರಿತು, ಅದಕ್ಕೆ ನಿಸರ್ಗವು ಯಾವ ಬೆಲೆ ತೆರಬೇಕಾಯಿತು, ಧಾರಾವಾಹಿ ಮುಗಿದ ಮೇಲೆ ಏನು ಉಳಿಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆದಾಯದ ಮೂರು ಮೂಲಗಳು

ಚಿತ್ರೀಕರಣದಿಂದ ಒಂದು ಪ್ರದೇಶಕ್ಕೆ ದೊರೆಯುವ ಆದಾಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನಿರ್ಮಾಣ ವೆಚ್ಚ. ಚಿತ್ರೀಕರಣದ ತಂಡವು ಬಡಗಿ, ದರ್ಜಿ, ವಿದ್ಯುತ್ ಕೆಲಸಗಾರ, ಅಡುಗೆಯವರು, ವಾಹನ ಚಾಲಕರು ಮತ್ತು ಸಹನಟರಿಗೆ ಕೊಡುವ ಕೂಲಿ, ಹೋಟೆಲುಗಳಿಗೆ ಕೊಡುವ ಬಾಡಿಗೆ ಇವೆಲ್ಲ ಇದರಲ್ಲಿ ಸೇರುತ್ತವೆ. ಈ ಹಣ ಬೇಗ ಬರುತ್ತದೆ, ತಂಡ ಹೊರಟೊಡನೆ ನಿಂತುಹೋಗುತ್ತದೆ.

ಎರಡನೆಯದು ಪ್ರವಾಸಿಗರ ವೆಚ್ಚ. ಇದು ಪ್ರಸಾರದ ನಂತರ ನಿಧಾನವಾಗಿ ಆರಂಭವಾಗಿ, ಕಥೆಯ ಜನಪ್ರಿಯತೆಯೊಂದಿಗೆ ಏರುತ್ತದೆ.

ಮೂರನೆಯದು ಸ್ಥಾಯಿ ಆದಾಯ. ಕಲಿತ ಕಸುಬು, ಕಟ್ಟಿದ ಸ್ಟುಡಿಯೊ, ವಸ್ತುಸಂಗ್ರಹಾಲಯ, ತರಬೇತಾದ ಮಾರ್ಗದರ್ಶಿಗಳು, ಸುಧಾರಿಸಿದ ರಸ್ತೆ ಮತ್ತು ತಂಗುದಾಣಗಳಿಂದ ಇದು ಹುಟ್ಟುತ್ತದೆ. ಮೊದಲ ಎರಡು ಮೂಲಗಳಿಂದ ಬಂದ ಹಣವನ್ನು ಮೂರನೆಯದಕ್ಕೆ ತಿರುಗಿಸಿದ ಪ್ರದೇಶ ಮಾತ್ರ ದೀರ್ಘಕಾಲ ಪ್ರಯೋಜನ ಪಡೆಯುತ್ತದೆ. ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ನಮ್ಮ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಉತ್ತರ ಐರ್ಲೆಂಡಿನ ಅನುಭವ

ಉತ್ತರ ಐರ್ಲೆಂಡ್ ಹಲವು ದಶಕಗಳ ಕಾಲ ರಾಜಕೀಯ ಹಿಂಸಾಚಾರದಿಂದ ನಲುಗಿದ್ದ ಪ್ರದೇಶ. 1998ರ ಶಾಂತಿ ಒಪ್ಪಂದದ ನಂತರವೂ ಪ್ರವಾಸಿಗರ ಮನಸ್ಸಿನಿಂದ ಹಳೆಯ ಚಿತ್ರ ಸುಲಭವಾಗಿ ಅಳಿಸಿಹೋಗಲಿಲ್ಲ. ಬೆಲ್‌ಫಾಸ್ಟ್ ನಗರದ ಹಡಗು ಕಟ್ಟುವ ಉದ್ಯಮವೂ ಹಿಂದಿನ ವೈಭವವನ್ನು ಕಳೆದುಕೊಂಡಿತ್ತು. ಹಡಗುಗಳ ಭಾಗಗಳಿಗೆ ಬಣ್ಣ ಬಳಿಯಲೆಂದು ಕಟ್ಟಿದ್ದ ‘ಪೇಂಟ್ ಹಾಲ್’ ಎಂಬ ಬೃಹತ್ ಕಟ್ಟಡವೇ ಈ ಧಾರಾವಾಹಿಯ ಮುಖ್ಯ ಸ್ಟುಡಿಯೊ ಆಯಿತು. ಹಳೆಯ ಉದ್ಯಮವೊಂದರ ಆಸ್ತಿ ಹೊಸ ಉದ್ಯಮಕ್ಕೆ ಬಂಡವಾಳವಾದ ಬಗೆ ಇದು.

ಸ್ಟುಡಿಯೊದಿಂದ ಒಂದೆರಡು ಗಂಟೆಗಳ ಪ್ರಯಾಣದೊಳಗೆ ಕಾಡು, ಕಡಲತೀರ, ಗುಹೆ, ಹಳೆಯ ಕೋಟೆಮನೆ ಎಲ್ಲವೂ ದೊರೆತದ್ದು ನಿರ್ಮಾಪಕರಿಗೆ ಬಹುದೊಡ್ಡ ಅನುಕೂಲವಾಯಿತು. ಟಾಲಿಮೋರ್ ಅರಣ್ಯ ಉದ್ಯಾನ, ಬ್ಯಾಲಿಂಟಾಯ್ ಎಂಬ ಪುಟ್ಟ ಮೀನುಗಾರಿಕಾ ಬಂದರು, ಕುಶೆಂಡನ್ ಗುಹೆಗಳು, ಡೌನ್‌ಹಿಲ್ ಮರಳತೀರ, ಸ್ಟ್ರ್ಯಾಂಗ್‌ಫರ್ಡ್ ಕಡಲಕೊಲ್ಲಿಯ ದಡದ ಕ್ಯಾಸಲ್ ವಾರ್ಡ್ ಇವು ಪ್ರಮುಖ ತಾಣಗಳು. ಕ್ಯಾಸಲ್ ವಾರ್ಡಿನ ಹಳೆಯ ತೋಟದಂಗಳವು ಕಥೆಯ ‘ವಿಂಟರ್‌ಫೆಲ್’ ಕೋಟೆಯಾಯಿತು. ಅಲ್ಲಿ ಇಂದು ಪ್ರವಾಸಿಗರು ಕಥೆಯ ಪಾತ್ರಗಳಂತೆ ಉಡುಪು ಧರಿಸಿ ಬಿಲ್ಲುವಿದ್ಯೆ ಅಭ್ಯಾಸ ಮಾಡುವ ವ್ಯವಸ್ಥೆ ಇದೆ. ನೋಡಿ ಹೋಗುವ ಪ್ರವಾಸಿಗನನ್ನು ಅರ್ಧ ದಿನ ನಿಲ್ಲಿಸುವ ಚಟುವಟಿಕೆ ಇದು. ನಿಂತ ಪ್ರವಾಸಿಗನೇ ಹಣ ವ್ಯಯಿಸುವವನು ಎಂಬುದನ್ನು ವ್ಯಾಪಾರಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಅಂಕಿಅಂಶಗಳನ್ನು ನೋಡೋಣ. ಅಲ್ಲಿನ ಚಲನಚಿತ್ರ ಅಭಿವೃದ್ಧಿ ಸಂಸ್ಥೆಯಾದ ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್ ಎಂಟೂ ಭಾಗಗಳಿಗೆ ಸೇರಿ ಒಟ್ಟು ಸುಮಾರು 1 ಕೋಟಿ 60 ಲಕ್ಷ ಪೌಂಡ್ ನೆರವು ನೀಡಿತು. ಇದಕ್ಕೆ ಪ್ರತಿಯಾಗಿ ಸ್ಥಳೀಯವಾಗಿ ವೆಚ್ಚವಾದ ಹಣ ಸುಮಾರು 25 ಕೋಟಿ ಪೌಂಡ್ ಎಂದು ಆ ಸಂಸ್ಥೆ ಅಂದಾಜು ಮಾಡಿದೆ. ಒಂದು ಪೌಂಡ್ ನೆರವಿಗೆ ಹದಿನೈದು ಪೌಂಡಿನಷ್ಟು ವಹಿವಾಟು ನಡೆದಂತಾಯಿತು. ಪ್ರವಾಸೋದ್ಯಮ ಮಂಡಳಿಯ ಅಂದಾಜಿನಂತೆ 2018ರಲ್ಲಿ ಸುಮಾರು 3.5 ಲಕ್ಷ ಪ್ರವಾಸಿಗರು ಈ ಧಾರಾವಾಹಿಯ ಕಾರಣದಿಂದ ಬಂದರು. ಅವರು ವ್ಯಯಿಸಿದ ಹಣ 5 ಕೋಟಿ ಪೌಂಡಿಗೂ ಅಧಿಕ.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 25 ಕೋಟಿ ಪೌಂಡ್ ಎಂಬುದು ವೆಚ್ಚದ ಮೊತ್ತವೇ ಹೊರತು ಲಾಭವಲ್ಲ. ಬ್ರಿಟಿಷ್ ಸರ್ಕಾರವು 2013ರ ಏಪ್ರಿಲ್‌ನಿಂದ ದುಬಾರಿ ವೆಚ್ಚದ ಧಾರಾವಾಹಿಗಳಿಗೆ ಕೊಡತೊಡಗಿದ ತೆರಿಗೆ ರಿಯಾಯಿತಿ ಮೇಲಿನ ನೆರವಿನ ಲೆಕ್ಕದಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ಸಾರ್ವಜನಿಕ ಬೊಕ್ಕಸದ ಹೊರೆ ಹೆಚ್ಚುತ್ತದೆ. ಇನ್ನು 3.5 ಲಕ್ಷ ಪ್ರವಾಸಿಗರಿಂದ 5 ಕೋಟಿ ಪೌಂಡ್ ಎಂದರೆ ತಲೆಗೆ ಸುಮಾರು 140 ಪೌಂಡ್ ಆಯಿತು. ಬಸ್ಸಿನಲ್ಲಿ ಬಂದು, ಛಾಯಾಚಿತ್ರ ತೆಗೆದುಕೊಂಡು, ಸಂಜೆಗೆ ಮರಳುವವರ ಸಂಖ್ಯೆ ಗಣನೀಯವಾಗಿದ್ದಲ್ಲಿ ಇಂತಹ ಸರಾಸರಿ ಬರುವುದು ಸಹಜ. ಪ್ರವಾಸಿಗರ ಸಂಖ್ಯೆಯನ್ನು ಹೆಚ್ಚಿಸುವುದು ಒಂದು ಕೆಲಸ, ಪ್ರತಿಯೊಬ್ಬನ ತಂಗುವಿಕೆಯನ್ನು ಹೆಚ್ಚಿಸುವುದು ಇನ್ನೊಂದು ಕೆಲಸ. ಎರಡನೆಯದು ಕಷ್ಟಕರವಾದರೂ ಹೆಚ್ಚು ಫಲದಾಯಕ.

ಡಾರ್ಕ್ ಹೆಡ್ಜಸ್: ಒಂದು ಸಾಲುಮರದ ಕಥೆ

ಈ ವಿಷಯದ ಲಾಭ ನಷ್ಟಗಳೆರಡನ್ನೂ ಒಂದೇ ಕಡೆ ಕಾಣಬೇಕಾದರೆ ಆಂಟ್ರಿಮ್ ಪ್ರಾಂತ್ಯದ ಡಾರ್ಕ್ ಹೆಡ್ಜಸ್ ಎಂಬ ಸಾಲುಮರದ ರಸ್ತೆಯನ್ನು ನೋಡಬೇಕು. 1775ರ ಸುಮಾರಿನಲ್ಲಿ ಸ್ಟುವರ್ಟ್ ಮನೆತನದವರು ತಮ್ಮ ಗ್ರೇಸ್‌ಹಿಲ್ ಬಂಗಲೆಗೆ ಬರುವ ಹಾದಿಯ ಇಕ್ಕೆಲಗಳಲ್ಲಿ ಸುಮಾರು 150 ಬೀಚ್ ಮರಗಳನ್ನು ನೆಟ್ಟರು. ಕೊಂಬೆಗಳು ಹಾದಿಯ ಮೇಲೆ ಪರಸ್ಪರ ಹೆಣೆದುಕೊಂಡು ಚಪ್ಪರದಂತೆ ಬೆಳೆದವು. ಧಾರಾವಾಹಿಯ ಎರಡನೆಯ ಭಾಗದಲ್ಲಿ ಈ ಹಾದಿಯು ರಾಜಮಾರ್ಗವಾಗಿ ಕಾಣಿಸಿಕೊಂಡದ್ದು ಕೆಲವೇ ಕ್ಷಣ. ಆದರೂ ಆ ಕ್ಷಣಗಳು ಹಳ್ಳಿಗಾಡಿನ ಕಿರುರಸ್ತೆಯೊಂದನ್ನು ಜಗದ್ವಿಖ್ಯಾತ ತಾಣವನ್ನಾಗಿ ಮಾಡಿದವು.

ಪರಿಣಾಮವಾಗಿ ಕಾರು, ಬಸ್ಸುಗಳ ಸಂಚಾರ ಮಿತಿಮೀರಿತು. ಬೀಚ್ ಮರದ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡುತ್ತದೆ. ವಾಹನಗಳ ಭಾರದಿಂದ ಮಣ್ಣು ಗಟ್ಟಿಯಾದರೆ ಬೇರಿಗೆ ನೀರು, ಗಾಳಿ ದೊರೆಯದು. ಮೇಲಾಗಿ ಈ ಮರಗಳು ತಮ್ಮ ಸಹಜ ಆಯುಷ್ಯದ ಅಂಚನ್ನು ಈಗಾಗಲೇ ತಲುಪಿವೆ. 2017ರ ಅಕ್ಟೋಬರ್ ಕೊನೆಯಿಂದ ಈ ರಸ್ತೆಯಲ್ಲಿ ಸಾಮಾನ್ಯ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ಪ್ರವಾಸಿಗರು ವಾಹನವನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರಬೇಕು. 2023ರ ನವೆಂಬರ್‌ನಲ್ಲಿ ಅಪಾಯಕಾರಿಯಾಗಿದ್ದ ಆರು ಮರಗಳನ್ನು ಅಧಿಕಾರಿಗಳೇ ಕಡಿಸಬೇಕಾಯಿತು. 2025ರ ಜನವರಿಯ ಚಂಡಮಾರುತದಲ್ಲಿ ಇನ್ನೂ ಕೆಲವು ಉರುಳಿದವು. ಮೊದಲು ನೆಟ್ಟ ಮರಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಈಗ ಉಳಿದಿಲ್ಲ.

ಇದರ ನಡುವೆ ನಡೆದ ಒಂದು ಪ್ರಯತ್ನ ವ್ಯಾಪಾರಿಗಳ ವಿಶೇಷ ಗಮನಕ್ಕೆ ಅರ್ಹವಾಗಿದೆ. 2016ರ ಜನವರಿಯ ಬಿರುಗಾಳಿಗೆ ಎರಡು ಮರಗಳು ಬಿದ್ದಾಗ, ಐರ್ಲೆಂಡಿನ ಪ್ರವಾಸೋದ್ಯಮ ಪ್ರಚಾರ ಸಂಸ್ಥೆಯು ಆ ಮರದಿಂದ ಹತ್ತು ಬಾಗಿಲುಗಳನ್ನು ಮಾಡಿಸಿತು. ಆ ವರ್ಷ ಪ್ರಸಾರವಾದ ಆರನೆಯ ಭಾಗದ ಹತ್ತು ಕಂತುಗಳಿಗೆ ಒಂದೊಂದರಂತೆ ಅವುಗಳ ಮೇಲೆ ಕೆತ್ತನೆ ಮಾಡಿಸಲಾಯಿತು. ಆ ಬಾಗಿಲುಗಳನ್ನು ಒಂದೇ ವಸ್ತುಸಂಗ್ರಹಾಲಯದಲ್ಲಿ ಇಡಲಿಲ್ಲ. ಚಿತ್ರೀಕರಣ ತಾಣಗಳ ಸಮೀಪದ ಬೇರೆ ಬೇರೆ ಊರುಗಳ ಪಾನಗೃಹ, ತಂಗುಮನೆಗಳಲ್ಲಿ ಒಂದೊಂದನ್ನು ಜೋಡಿಸಲಾಯಿತು. ಪ್ರವಾಸಿಗನ ಕೈಗೆ ಒಂದು ಪುಸ್ತಿಕೆ ಕೊಟ್ಟು, ಪ್ರತಿ ಬಾಗಿಲ ಬಳಿ ಅದಕ್ಕೆ ಮುದ್ರೆ ಒತ್ತುವ ಕ್ರಮವನ್ನು ಜಾರಿಗೆ ತರಲಾಯಿತು.

ಈ ಯೋಜನೆಯ ಮರ್ಮ ಸರಳವಾದುದು. ಬಿದ್ದ ಮರ ನಷ್ಟದ ಬಾಬ್ತಾಗಿತ್ತು. ಅದು ಹತ್ತು ಊರುಗಳಿಗೆ ಗಿರಾಕಿಗಳನ್ನು ಕರೆತರುವ ಸಾಧನವಾಯಿತು. ಒಂದೇ ರಸ್ತೆಯ ಮೇಲೆ ಬೀಳುತ್ತಿದ್ದ ಜನದಟ್ಟಣೆಯ ಒಂದು ಪಾಲು ನಾಡಿನುದ್ದಕ್ಕೂ ಹಂಚಿಹೋಗಲು ದಾರಿಯಾಯಿತು. ಚಿತ್ರದಲ್ಲಿ ಎಂದೂ ಕಾಣಿಸಿಕೊಳ್ಳದ ಊರಿನ ಸಣ್ಣ ವ್ಯಾಪಾರಿಗೂ ಕಥೆಯ ಜನಪ್ರಿಯತೆಯಲ್ಲಿ ಒಂದು ಪಾಲು ದೊರೆಯಿತು. ಇದಕ್ಕೆ ತಗುಲಿದ ಮುಖ್ಯ ಬಂಡವಾಳವೆಂದರೆ ಕುಶಲಕರ್ಮಿಗಳ ಕೆಲಸ ಮತ್ತು ಸಕಾಲದ ಆಲೋಚನೆ.

ಐಸ್‌ಲ್ಯಾಂಡ್: ಬೆಳವಣಿಗೆಯ ವೇಗ ಮತ್ತು ಅದರ ನಿರ್ವಹಣೆ

ಕಥೆಯಲ್ಲಿ ಮಹಾಗೋಡೆಯ ಆಚೆಗಿನ ಹಿಮಪ್ರದೇಶವಾಗಿ ಕಾಣುವುದು ಐಸ್‌ಲ್ಯಾಂಡ್. ಎರಡನೆಯ ಭಾಗದ ಚಿತ್ರೀಕರಣ 2011ರ ನವೆಂಬರ್ - ಡಿಸೆಂಬರ್ ತಿಂಗಳುಗಳಲ್ಲಿ ವಾಟ್ನಯೋಕುಲ್ ಹಿಮರಾಶಿಯ ಅಂಗವಾದ ಸ್ವೀನಾಫೆಲ್ಸ್‌ಯೋಕುಲ್ ಹಿಮನದಿಯ ಮೇಲೆ ನಡೆಯಿತು. ಆ ಋತುವಿನಲ್ಲಿ ಅಲ್ಲಿ ಹಗಲಿನ ಬೆಳಕು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ. ಪ್ರವಾಸಿಗರಿಲ್ಲದೆ ಖಾಲಿ ಬಿದ್ದಿರುತ್ತಿದ್ದ ಹೋಟೆಲುಗಳಿಗೆ ಚಳಿಗಾಲದಲ್ಲಿ ಗಿರಾಕಿಗಳು ದೊರೆತರು. ಋತುಮಾನದ ಏರಿಳಿತದಿಂದ ಬಳಲುವ ಉದ್ಯಮಕ್ಕೆ ಚಿತ್ರೀಕರಣವು ಇಂತಹ ನೆರವನ್ನೂ ನೀಡಬಲ್ಲದು. ಮುಂದೆ ಮೂರನೆಯ ಭಾಗದಲ್ಲಿ ಮಿವಾಟ್ನ್ ಸರೋವರದ ಸಮೀಪದ ಗ್ರ್ಯೋಟಗ್ಯಾ ಗುಹೆ, ನಾಲ್ಕನೆಯ ಭಾಗದಲ್ಲಿ ಥಿಂಗ್‌ವೆಟ್ಲಿರ್ ಕಣಿವೆ, ಏಳನೆಯ ಭಾಗದಲ್ಲಿ ಕಿರ್ಕ್ಯುಫೆಟ್ಲ್ ಎಂಬ ಬಾಣದ ಮೊನೆಯಂತಹ ಬೆಟ್ಟ ಮತ್ತು ರೇನಿಸ್‌ಫ್ಯಾರಾದ ಕಪ್ಪು ಮರಳಿನ ತೀರ ಕಾಣಿಸಿಕೊಂಡವು.

ನಿರ್ಮಾಪಕರನ್ನು ಆಕರ್ಷಿಸಲು ಅಲ್ಲಿನ ಸರ್ಕಾರವು ದೇಶದೊಳಗೆ ಮಾಡಿದ ವೆಚ್ಚದ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಈ ಪ್ರಮಾಣ ಮೊದಲು ಶೇಕಡ 20 ಇದ್ದುದು 2017ರಲ್ಲಿ ಶೇಕಡ 25ಕ್ಕೂ, ದೊಡ್ಡ ಯೋಜನೆಗಳಿಗೆ 2022ರಲ್ಲಿ ಶೇಕಡ 35ಕ್ಕೂ ಏರಿತು.

2010ರಲ್ಲಿ ಐಸ್‌ಲ್ಯಾಂಡಿಗೆ ಬಂದ ವಿದೇಶಿ ಪ್ರವಾಸಿಗರು 5 ಲಕ್ಷಕ್ಕೂ ಕಡಿಮೆ. 2018ರಲ್ಲಿ ಅವರ ಸಂಖ್ಯೆ 23 ಲಕ್ಷ. ದೇಶದ ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ ಎಂಬುದನ್ನು ನೆನೆದರೆ ಈ ಬೆಳವಣಿಗೆಯ ಅಗಾಧತೆ ತಿಳಿಯುತ್ತದೆ. ಆದರೆ ಇದೆಲ್ಲವೂ ಒಂದು ಧಾರಾವಾಹಿಯ ಫಲವೆಂದು ಭಾವಿಸುವುದು ತಪ್ಪು. 2008ರ ಆರ್ಥಿಕ ಕುಸಿತದಲ್ಲಿ ಅಲ್ಲಿನ ನಾಣ್ಯದ ಮೌಲ್ಯ ಇಳಿದು ಪ್ರವಾಸ ಅಗ್ಗವಾದದ್ದು, 2010ರ ಜ್ವಾಲಾಮುಖಿ ಸ್ಫೋಟದಿಂದ ದೇಶದ ಹೆಸರು ಜಗತ್ತಿಗೆಲ್ಲ ಪರಿಚಿತವಾದದ್ದು, ಅಗ್ಗದ ವಿಮಾನಯಾನ, ಸಾಮಾಜಿಕ ಜಾಲತಾಣಗಳು ಇವೆಲ್ಲವೂ ಕಾರಣಗಳೇ. ಚಿತ್ರೀಕರಣವು ಏರುತ್ತಿದ್ದ ಅಲೆಗೆ ಬಲ ನೀಡಿತು. ಅಲೆಯನ್ನು ಎಬ್ಬಿಸಿದ್ದು ಅದೊಂದೇ ಅಲ್ಲ. ಯೋಜನಾ ವರದಿಗಳನ್ನು ಸಿದ್ಧಪಡಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ತೆರೆಯ ಮೇಲೆ ರಮ್ಯವಾಗಿ ಕಂಡ ತಾಣ ನೆಲದ ಮೇಲೆ ಅಪಾಯಕಾರಿಯಾಗಿರಬಹುದು. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ರೇನಿಸ್‌ಫ್ಯಾರಾ ತೀರದಲ್ಲಿ ಮುನ್ಸೂಚನೆಯಿಲ್ಲದೆ ನುಗ್ಗುವ ಅಲೆಗಳು ಹಲವು ಪ್ರವಾಸಿಗರ ಪ್ರಾಣ ತೆಗೆದಿವೆ. ಅಲ್ಲಿ ಎಚ್ಚರಿಕೆಯ ದೀಪಗಳನ್ನು ಅಳವಡಿಸಲಾಗಿದೆ. ಸ್ವೀನಾಫೆಲ್ಸ್‌ಯೋಕುಲ್‌ನ ಮೇಲಿನ ಬೆಟ್ಟದಲ್ಲಿ ಬಿರುಕು ಕಂಡುಬಂದ ಕಾರಣ, ಭೂಕುಸಿತದ ಅಪಾಯವಿದೆಯೆಂದು 2018ರಲ್ಲಿ ನಾಗರಿಕ ರಕ್ಷಣಾ ಇಲಾಖೆ ಎಚ್ಚರಿಸಿ, ಹಿಮನದಿಯ ಮೇಲೆ ಪ್ರವಾಸಿಗರನ್ನು ಕರೆದೊಯ್ಯಬಾರದೆಂದು ಸೂಚಿಸಿತು. ಗ್ರ್ಯೋಟಗ್ಯಾ ಗುಹೆಯ ಬಿಸಿನೀರಿನ ಕೊಳದಲ್ಲಿ ಸ್ನಾನ ಮಾಡಲು ಅವಕಾಶವಿಲ್ಲ. 1975ರಿಂದ 1984ರವರೆಗಿನ ಕ್ರಾಫ್ಲಾ ಜ್ವಾಲಾಮುಖಿ ಚಟುವಟಿಕೆಯಲ್ಲಿ ಆ ನೀರು ಸಹಿಸಲಾರದಷ್ಟು ಕಾದಿತ್ತು. ಕಥೆಯಲ್ಲಿ ನಾಯಕ ನಾಯಕಿಯರು ಮಿಂದದ್ದನ್ನು ನೋಡಿ ಬರುವ ಪ್ರವಾಸಿಗನಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಪ್ರವಾಸ ಸಂಘಟಕರ ಕರ್ತವ್ಯ.

ಎಂಟನೆಯ ಭಾಗದಲ್ಲಿ ಕಂಡ ಫ್ಯಾದ್ರಾರ್‌ಗ್ಲ್ಯೂಫುರ್ ಕಮರಿಯದು ಇನ್ನೊಂದು ಪಾಠ. 2015ರಲ್ಲಿ ಪಾಪ್ ಗಾಯಕ ಜಸ್ಟಿನ್ ಬೀಬರ್ ಅವರ ಗೀತೆಯೊಂದರ ಚಿತ್ರಣದಿಂದ ಅದು ಮೊದಲೇ ಪ್ರಸಿದ್ಧವಾಗಿತ್ತು. ಜನರ ಕಾಲ್ತುಳಿತಕ್ಕೆ ಅಂಚಿನ ಪಾಚಿ ಹಾಳಾಗಿ, 2019ರಲ್ಲಿ ಕೆಲವು ತಿಂಗಳು ಸಾರ್ವಜನಿಕರಿಗೆ ಪ್ರವೇಶವನ್ನು ನಿಲ್ಲಿಸಬೇಕಾಯಿತು. ಆ ಶೀತಪ್ರದೇಶದಲ್ಲಿ ತುಳಿದ ಪಾಚಿ ಮತ್ತೆ ಚಿಗುರಲು ಹಲವಾರು ವರ್ಷಗಳೇ ಬೇಕು. ಬಾಗಿಲು ಮುಚ್ಚಿದ ಅಂಗಡಿಯಲ್ಲಿ ವ್ಯಾಪಾರ ನಡೆಯದಂತೆ ಮುಚ್ಚಿದ ತಾಣದಿಂದಲೂ ಆದಾಯವಿಲ್ಲ. ಐಸ್‌ಲ್ಯಾಂಡ್ 2011ರಲ್ಲಿಯೇ ಪ್ರವಾಸಿ ತಾಣಗಳ ಸಂರಕ್ಷಣೆಗೆ ನಿಧಿಯೊಂದನ್ನು ಸ್ಥಾಪಿಸಿ, ಕಾಲುದಾರಿ, ಕಟಾಂಜನ, ಶೌಚಾಲಯಗಳಿಗೆ ಹಣ ಒದಗಿಸುತ್ತ ಬಂದಿದೆ. ಥಿಂಗ್‌ವೆಟ್ಲಿರ್‌ನಂತಹ ತಾಣಗಳಲ್ಲಿ ವಾಹನ ನಿಲುಗಡೆಗೆ ಶುಲ್ಕ ಪಡೆಯಲಾಗುತ್ತದೆ.

ಮಾಲ್ಟಾ, ಸ್ಪೇನ್ ಮತ್ತು ಕ್ರೊಯೇಷಿಯಾ

ಮಾಲ್ಟಾ ದೇಶದ ಗೋಜೊ ದ್ವೀಪದಲ್ಲಿ ‘ಅಜೂರ್ ವಿಂಡೋ’ ಎಂಬ ಸುಣ್ಣಕಲ್ಲಿನ ಸಹಜ ಕಮಾನು ಸಮುದ್ರದ ಅಂಚಿನಲ್ಲಿ ನಿಂತಿತ್ತು. ಮೊದಲ ಭಾಗದ ವಿವಾಹ ದೃಶ್ಯಕ್ಕೆ ಅದೇ ಹಿನ್ನೆಲೆ. 2010ರಲ್ಲಿ ಅಲ್ಲಿ ಚಿತ್ರೀಕರಣಕ್ಕಾಗಿ ಬಂಡೆಯ ಮೇಲೆ ಮರಳು ಹರಡಿದ್ದರಿಂದ ಸಂರಕ್ಷಿತ ಜೀವಪರಿಸರಕ್ಕೆ ಹಾನಿಯಾಯಿತೆಂದು ದೊಡ್ಡ ವಿವಾದವೆದ್ದಿತು. ಬಂಡೆಯ ಕಮಾನು ಮಾತ್ರ ಕುಸಿದದ್ದು ಚಿತ್ರೀಕರಣದಿಂದಲ್ಲ, ಅಲೆಗಳ ಸಹಜ ಸವೆತದಿಂದ. 2017ರ ಮಾರ್ಚ್ 8ರಂದು ಬಿರುಗಾಳಿಯ ಹೊಡೆತಕ್ಕೆ ಅದು ಪೂರ್ತಿಯಾಗಿ ಸಮುದ್ರದ ಪಾಲಾಯಿತು. ಇಂದು ಮುಳುಗುಗಾರರು ನೀರಿನಡಿಯಲ್ಲಿ ಅದರ ಅವಶೇಷಗಳನ್ನು ನೋಡಲು ಹೋಗುತ್ತಾರೆ. ಒಂದೇ ಬಂಡೆ, ಒಂದೇ ಮರ, ಒಂದೇ ಜಲಪಾತವನ್ನು ನೆಚ್ಚಿ ಬಂಡವಾಳ ಹೂಡುವವರು ಇದನ್ನು ನೆನಪಿಡಬೇಕು. ನಿಸರ್ಗದ ಆಸ್ತಿಗೆ ವಿಮೆಯಿಲ್ಲ.

ಸ್ಪೇನಿನ ಬಾಸ್ಕ್ ತೀರದ ಗಾಸ್ತೆಲುಗಾಚೆ ಎಂಬ ನಡುಗಡ್ಡೆ ಏಳನೆಯ ಭಾಗದಲ್ಲಿ ‘ಡ್ರ್ಯಾಗನ್‌ಸ್ಟೋನ್’ ಕೋಟೆಯ ತಾಣವಾಯಿತು. ತೆರೆಯ ಮೇಲಿನ ಕೋಟೆ ಗಣಕಯಂತ್ರದ ಸೃಷ್ಟಿ. ಅಲ್ಲಿ ನಿಜವಾಗಿ ಇರುವುದು ಕಲ್ಲಿನ ಸೇತುವೆ, 241 ಮೆಟ್ಟಿಲು ಮತ್ತು ತುದಿಯಲ್ಲೊಂದು ಪುಟ್ಟ ಪ್ರಾರ್ಥನಾಮಂದಿರ. ಜನಸಂದಣಿಯನ್ನು ಹತೋಟಿಯಲ್ಲಿಡಲು ಅಲ್ಲಿನ ಪ್ರಾಂತೀಯ ಆಡಳಿತವು ಹೆಚ್ಚು ಜನ ಬರುವ ಋತುವಿನಲ್ಲಿ ಮುಂಗಡ ಚೀಟಿ ಪಡೆಯುವ ಕ್ರಮವನ್ನು ಜಾರಿಗೊಳಿಸಿತು. ಚೀಟಿಗೆ ಹಣವಿಲ್ಲ, ಆದರೆ ದಿನ, ವೇಳೆಗಳನ್ನು ನಿಗದಿಪಡಿಸಿಕೊಳ್ಳಬೇಕು. ಹಣ ಪಡೆಯದೆಯೂ ಸಂಖ್ಯೆಯನ್ನು ನಿಯಂತ್ರಿಸಬಹುದೆಂಬುದಕ್ಕೆ ಇದು ನಿದರ್ಶನ.

ಕ್ರೊಯೇಷಿಯಾದ ಡುಬ್ರೊವ್ನಿಕ್ ನಿಸರ್ಗತಾಣಕ್ಕಿಂತ ಹೆಚ್ಚಾಗಿ ಕೋಟೆನಗರ. ಧಾರಾವಾಹಿಯ ರಾಜಧಾನಿಯಾಗಿ ಕಾಣಿಸಿಕೊಂಡ ಈ ವಿಶ್ವಪರಂಪರೆಯ ನಗರದಲ್ಲಿ ವಿಹಾರ ನೌಕೆಗಳ ದಟ್ಟಣೆಯೂ ಸೇರಿ ನಿವಾಸಿಗಳ ಬದುಕು ದುಸ್ತರವಾಯಿತು. 2019ರಿಂದ ಏಕಕಾಲಕ್ಕೆ ಎರಡು ನೌಕೆ, 4,000 ಪ್ರಯಾಣಿಕರು ಎಂಬ ಮಿತಿಯನ್ನು ಹಾಕಬೇಕಾಯಿತು.

ಕಥೆ ಮುಗಿದ ಮೇಲೆ

ಧಾರಾವಾಹಿ 2019ರಲ್ಲಿ ಮುಗಿಯಿತು. ಅದೇ ಕಥಾಲೋಕದ ಮುಂದಿನ ಧಾರಾವಾಹಿಯಾದ ‘ಹೌಸ್ ಆಫ್ ದ ಡ್ರ್ಯಾಗನ್’ 2022ರಲ್ಲಿ ಬಂದಾಗ ಅದರ ಮುಖ್ಯ ಸ್ಟುಡಿಯೊ ಇಂಗ್ಲೆಂಡಿನ ಲೀವ್ಸ್‌ಡನ್‌ಗೆ ಸ್ಥಳಾಂತರವಾಗಿತ್ತು. ನ್ಯೂಜಿಲೆಂಡಿನ ಅನುಭವವೂ ಇಂಥದೇ. ಅಮೆಜಾನ್ ಸಂಸ್ಥೆಯ ‘ದ ರಿಂಗ್ಸ್ ಆಫ್ ಪವರ್’ ಧಾರಾವಾಹಿಯ ಮೊದಲ ಭಾಗ ಅಲ್ಲಿ ಚಿತ್ರೀಕರಣವಾಯಿತು. ಎರಡನೆಯ ಭಾಗವನ್ನು ಬ್ರಿಟನ್ನಿಗೆ ಒಯ್ಯುವುದಾಗಿ ಸಂಸ್ಥೆ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ನಿರ್ಮಾಪಕನು ಅನುಕೂಲವಿದ್ದಲ್ಲಿಗೆ ಹೋಗುತ್ತಾನೆ. ಅವನ ನಿರ್ಧಾರಗಳ ಮೇಲೆ ಸ್ಥಳೀಯರಿಗೆ ಹತೋಟಿಯಿಲ್ಲ.

ಉತ್ತರ ಐರ್ಲೆಂಡ್ ಈ ಅನಿಶ್ಚಿತತೆಗೆ ಸ್ಥಾಯಿ ಸೌಕರ್ಯದ ಮೂಲಕ ಉತ್ತರ ಕಂಡುಕೊಳ್ಳಲು ಯತ್ನಿಸಿತು. ಬ್ಯಾನ್‌ಬ್ರಿಜ್ ಊರಿನ ಲಿನನ್ ಮಿಲ್ ಸ್ಟುಡಿಯೊದಲ್ಲಿ, ಅಂದರೆ ಹಳೆಯ ನಾರುಬಟ್ಟೆಯ ಕಾರ್ಖಾನೆಯಿದ್ದ ಸ್ಥಳದಲ್ಲಿ, ಧಾರಾವಾಹಿಯ ವೇದಿಕೆ, ಉಡುಪು, ಆಯುಧಗಳ ಪ್ರದರ್ಶನ 2022ರ ಫೆಬ್ರವರಿಯಲ್ಲಿ ಆರಂಭವಾಯಿತು. ಮಳೆಗಾಲ, ಚಳಿಗಾಲಗಳಲ್ಲಿಯೂ ನಡೆಯಬಲ್ಲ, ಮರಬೇರುಗಳಿಗೆ ಹಾನಿಯಿಲ್ಲದ ಆಕರ್ಷಣೆ ಅದು. ತರಬೇತಾದ ಕೆಲಸಗಾರರೂ ಸ್ಟುಡಿಯೊಗಳೂ ಉಳಿದಿದ್ದರಿಂದ ಅದೇ ಕಥಾಲೋಕದ ‘ಎ ನೈಟ್ ಆಫ್ ದ ಸೆವೆನ್ ಕಿಂಗ್‌ಡಮ್ಸ್’ ಧಾರಾವಾಹಿಯ ಚಿತ್ರೀಕರಣ 2024ರಲ್ಲಿ ಮತ್ತೆ ಅಲ್ಲಿಗೆ ಮರಳಿತು.

ನಮ್ಮ ನಾಡಿನ ಸಂದರ್ಭ

ಕಲ್ಪನೆಯ ಊರೊಂದು ನಿಜವಾದ ನೆಲದಲ್ಲಿ ಬೇರೂರಿದ ಉದಾಹರಣೆ ನಮ್ಮಲ್ಲಿಯೂ ಇದೆ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವೂ ಅದರಲ್ಲಿ ಕಾಣಿಸಿಕೊಂಡಿತು. ಅದು ಅದ್ಭುತ ಕಥಾನಕವಲ್ಲ ನಿಜ. ಆದರೆ ತಾಣದ ಆಕರ್ಷಣೆ ಹುಟ್ಟಿದ ಬಗೆ ಒಂದೇ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿಗೊಳಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಪರಿವರ್ತಿಸಿತು. ಪ್ರಸಾರಕ್ಕೂ ಈ ಕೆಲಸಕ್ಕೂ ನಡುವೆ ಮೂರು ದಶಕಗಳೇ ಕಳೆದಿದ್ದವು. ಉತ್ತರ ಐರ್ಲೆಂಡಿನಲ್ಲಿ ಬಿದ್ದ ಮರವನ್ನು ಅದೇ ವರ್ಷ ಬಾಗಿಲಾಗಿಸಿದರು. ‘ಗಾಳಿ ಬಂದಾಗ ತೂರಿಕೊ’ ಎಂಬುದು ನಮ್ಮದೇ ಗಾದೆ.

ರಾಮನಗರದ ರಾಮದೇವರ ಬೆಟ್ಟದ ಸಂಗತಿ ಇನ್ನೊಂದು ಮುಖವನ್ನು ತೋರಿಸುತ್ತದೆ. 1975ರ ‘ಶೋಲೆ’ ಹಿಂದಿ ಚಲನಚಿತ್ರದಿಂದ ಪ್ರಖ್ಯಾತವಾದ ಈ ಬಂಡೆಬೆಟ್ಟ ಅಳಿವಿನಂಚಿನ ರಣಹದ್ದುಗಳ ಆಶ್ರಯತಾಣವೂ ಆಗಿದ್ದು, 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾಯಿತು. ಸಿನಿಮಾ ಪ್ರೇಮಿಗೆ ಅದು ಚಿತ್ರದ ನೆಲೆ, ಹಕ್ಕಿಗೆ ಗೂಡು ಕಟ್ಟುವ ನೆಲೆ. ಇಂತಹ ಕಡೆ ತಾಣವನ್ನು ದೂರದಿಂದ ತೋರಿಸಿ, ವ್ಯಾಪಾರದ ಚಟುವಟಿಕೆಯನ್ನು ಊರಿನೊಳಗೆ ಬೆಳೆಸುವುದೇ ವಿವೇಕದ ಮಾರ್ಗ.

ಹೊರದೇಶದ ತಾಣಗಳಿಗೆ ಪ್ರವಾಸಿಗರನ್ನು ಕಳುಹಿಸುವ ನಮ್ಮ ಪ್ರವಾಸ ಸಂಸ್ಥೆಗಳಿಗೆ ಒಂದು ಸೂಚನೆ. ಐಸ್‌ಲ್ಯಾಂಡ್, ಸ್ಪೇನ್, ಮಾಲ್ಟಾ ಹಾಗೂ 2023ರಿಂದ ಕ್ರೊಯೇಷಿಯಾ ಷೆಂಗೆನ್ ವ್ಯವಸ್ಥೆಗೆ ಸೇರಿವೆ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವಾದುದರಿಂದ ಅದಕ್ಕೆ ಬ್ರಿಟಿಷ್ ವೀಸಾ ಬೇಕು. ಒಂದೇ ಧಾರಾವಾಹಿಯ ತಾಣಗಳೆಂದು ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಜೋಡಿಸುವ ಮುನ್ನ ವೆಚ್ಚ, ಸಮಯಗಳನ್ನು ಲೆಕ್ಕಹಾಕುವುದು ಒಳಿತು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೇಲಿನ ಪರಿಶೀಲನೆಯಿಂದ ಹೊರಡುವ ಮುಖ್ಯ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು.

1. ಒಪ್ಪಂದದ ಹಂತದಲ್ಲಿಯೇ ಚೌಕಾಶಿ ನಡೆಯಬೇಕು. ತಾಣದ ಹೆಸರನ್ನೂ ದೃಶ್ಯವನ್ನೂ ಪ್ರವಾಸ ಪ್ರಚಾರಕ್ಕೆ ಬಳಸುವ ಅನುಮತಿಯನ್ನು ಅನುದಾನದ ಷರತ್ತುಗಳಲ್ಲಿ ಸೇರಿಸಬೇಕು. ಧಾರಾವಾಹಿಯ ಹೆಸರು, ಲಾಂಛನಗಳು ನಿರ್ಮಾಪಕರ ಸ್ವತ್ತು. ಅನುಮತಿಯಿಲ್ಲದೆ ಅಂಗಡಿಯ ಫಲಕಕ್ಕೋ ಮಾರಾಟದ ವಸ್ತುವಿಗೋ ಬಳಸಿದರೆ ಕಾನೂನಿನ ತೊಡಕು ಉಂಟಾಗುತ್ತದೆ.

2. ಪರಿಸರ ಪುನಃಸ್ಥಾಪನೆಗೆ ಮುಂಗಡ ಠೇವಣಿ ಪಡೆಯಬೇಕು. ಹಾನಿಯಾದ ನಂತರ ಹೊಣೆಗಾರನನ್ನು ಹುಡುಕುವುದು ಕಷ್ಟ. ಉಪಗುತ್ತಿಗೆದಾರರ ಕೆಲಸಕ್ಕೂ ಮುಖ್ಯ ನಿರ್ಮಾಪಕರೇ ಹೊಣೆಗಾರರಾಗಿರಬೇಕು.

3. ತಾಣದ ಧಾರಣಶಕ್ತಿಯನ್ನು ಜನಸಂದಣಿ ಬರುವ ಮೊದಲೇ ನಿರ್ಧರಿಸಬೇಕು. ವಾಹನ ನಿಲುಗಡೆ, ಕಾಲುದಾರಿ, ಶೌಚಾಲಯ, ಎಚ್ಚರಿಕೆ ಫಲಕ ಇವು ಮೊದಲ ಬಂಡವಾಳ. ವಾಹನ ನಿಲುಗಡೆಯ ಶುಲ್ಕವು ತಾಣದ ನಿರ್ವಹಣೆಗೇ ಸಲ್ಲಬೇಕು.

4. ಲಾಭವನ್ನು ಹಂಚುವ ಉಪಾಯ ಬೇಕು. ಹತ್ತು ಬಾಗಿಲುಗಳ ಯೋಜನೆಯಂತೆ ಸುತ್ತಲಿನ ಊರುಗಳನ್ನು ಒಂದು ಮಾರ್ಗದಲ್ಲಿ ಪೋಣಿಸಿದರೆ ತಾಣದ ಮೇಲಿನ ಒತ್ತಡ ಇಳಿಯುತ್ತದೆ, ಪ್ರವಾಸಿಗನ ತಂಗುವಿಕೆ ಹೆಚ್ಚುತ್ತದೆ.

5. ಕಥೆ ಹೇಳುವವರನ್ನು ತಯಾರು ಮಾಡಬೇಕು. ತೆರೆಯ ಮೇಲಿನ ಕೋಟೆ ನೆಲದ ಮೇಲೆ ಇರುವುದಿಲ್ಲ. ಆ ಕೊರತೆಯನ್ನು ತುಂಬುವವನು ಮಾರ್ಗದರ್ಶಿ. ಚಿತ್ರೀಕರಣದಲ್ಲಿ ಸಹನಟರಾಗಿ, ಕೆಲಸಗಾರರಾಗಿ ದುಡಿದ ಸ್ಥಳೀಯರೇ ಈ ಕೆಲಸಕ್ಕೆ ಅತ್ಯಂತ ಯೋಗ್ಯರು. ಕಥೆಯ ಜೊತೆಗೆ ಆ ನೆಲದ ನಿಜವಾದ ಇತಿಹಾಸವನ್ನೂ ಅವರು ಹೇಳಬಲ್ಲವರಾಗಿರಬೇಕು. ಥಿಂಗ್‌ವೆಟ್ಲಿರ್ ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನ ಜನಸಭೆ ಸೇರಿದ ಸ್ಥಳ. ಧಾರಾವಾಹಿ ಮರೆತುಹೋದರೂ ಆ ಹಿರಿಮೆ ಉಳಿಯುತ್ತದೆ.

6. ಹೂಡಿಕೆಯ ಮರುಪಾವತಿ ಅವಧಿಯನ್ನು ಕಥೆಯ ಜನಪ್ರಿಯತೆಯ ಅವಧಿಗಿಂತ ಕಡಿಮೆ ಇರುವಂತೆ ಯೋಜಿಸಬೇಕು. ಹದಿನೈದು ವರ್ಷಗಳ ಸಾಲದಿಂದ ಕೇವಲ ಒಂದು ಧಾರಾವಾಹಿಯನ್ನು ನೆಚ್ಚಿ ಹೋಟೆಲು ಕಟ್ಟುವುದು ಸಾಹಸವೇ ಸರಿ.

ಉಪಸಂಹಾರ

ಧಾರಾವಾಹಿಯು ಒಂದು ತಾಣಕ್ಕೆ ಹೆಸರು ತಂದುಕೊಡಬಲ್ಲದು; ತಾಣವನ್ನು ಉಳಿಸಿಕೊಡಲಾರದು. ಆ ಹೊಣೆ ಸ್ಥಳೀಯ ಆಡಳಿತದ್ದು, ನಿವಾಸಿಗಳದು ಮತ್ತು ಅಲ್ಲಿಂದ ಆದಾಯ ಪಡೆಯುವ ವ್ಯಾಪಾರಿಗಳದು. ಡಾರ್ಕ್ ಹೆಡ್ಜಸ್‌ನ ಮರಗಳನ್ನು ನೆಟ್ಟವರು ಪ್ರವಾಸಿಗರಿಗಾಗಿ ನೆಟ್ಟವರಲ್ಲ. ತಮ್ಮ ಮನೆಯ ಹಾದಿಗೆ ಶೋಭೆ ಬರಲೆಂದು ನೆಟ್ಟರು. ಎರಡು ಶತಮಾನಗಳಿಗೂ ಮೀರಿದ ಆ ಬೆಳೆಯನ್ನು ನಮ್ಮ ಕಾಲ ಒಂದೇ ದಶಕದಲ್ಲಿ ಕೊಯ್ದುಕೊಳ್ಳಲು ಹೊರಟಿದೆ. ಕೊಯ್ಲಿನ ಜೊತೆಗೆ ಹೊಸ ಸಸಿಗಳನ್ನು ನೆಡುವುದನ್ನೂ ವ್ಯವಹಾರದ ಲೆಕ್ಕಪತ್ರದಲ್ಲಿ ಖರ್ಚಿನ ಬಾಬ್ತಾಗಿ ಬರೆದುಕೊಂಡ ಊರುಗಳೇ ಮುಂದಿನ ಪೀಳಿಗೆಗೂ ಈ ಆದಾಯವನ್ನು ಉಳಿಸಿಕೊಳ್ಳಬಲ್ಲವು.